ಅಣ್ಣನ ಕಾರಿನ ಹಗಲುದೀಪ

ಫೋನು ಬಂದಾಗ ನಾನು ಕ್ಲಿನಿಕ್ಕಿನಲ್ಲಿ ಒಬ್ಬ ಅಜ್ಜನಿಗೆ ಸಮಾಧಾನ ಹೇಳುತ್ತಿದ್ದೆ. ಅವರ ಹಲ್ಲುಸೆಟ್ಟು ಇನ್ನೂ ತಯಾರಾಗಿರಲಿಲ್ಲ. ಬೋಳುಬಾಯಲ್ಲೇ ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತು ಫೋನು ಎತ್ತುವುದು, ಬೈಸಿಕೊಳ್ಳುವುದು, ಎರಡೂ ನನ್ನ ಕೆಲಸ. ಹುಟ್ಟಿದಾಗಿನಿಂದ ಒಂದು ಶಬ್ದವನ್ನೂ ಕೇಳದ ಅಮ್ಮನ ಮಗಳಿಗೆ ಇಡೀ ದಿನ ಫೋನಿನಲ್ಲಿ ವಟಗುಟ್ಟುವ ಕೆಲಸವೇ ಸಿಕ್ಕಿತಲ್ಲ ಎಂದು ಮೊದಲು ನಕ್ಕವಳು ಅಮ್ಮನೇ.

ಫೋನು ಮಾಡಿದ್ದು ಅಮ್ಮ ಕೆಲಸ ಮಾಡುವ ಬಟ್ಟೆ ರಿಪೇರಿ ಅಂಗಡಿಯ ಯಜಮಾನಿ.

“ಬೇಗ ಬಾರಮ್ಮ. ನಿಮ್ಮಮ್ಮನಿಗೆ ಕಾರು ಗುದ್ದಿಬಿಟ್ಟಿದೆ.”

ಬದುಕಿದ್ದಾಳಾ ಎಂದು ಕೇಳಲು ನಾಲಿಗೆ ಏಳಲಿಲ್ಲ.

“ಜೀವಕ್ಕೇನೂ ಆಗಿಲ್ಲ. ಕಾಲು ಮುರಿದಿದೆ ಅನ್ಸುತ್ತೆ. ಆಸ್ಪತ್ರೆಗೆ ಕರ್ಕೊಂಡು ಹೋದ್ರು.”

“ಯಾವನ ಕಾರು? ಯಾವನು ಗುದ್ದಿದ್ದು? ಅವನನ್ನ ಹಿಡ್ಕೊಂಡ್ರಾ ಇಲ್ವಾ?”

ನಾನು ಹಲೋ ಹಲೋ ಎಂದು ಕೂಗಿದೆ.

“ನಿಮ್ಮಣ್ಣನೇ ಕಣಮ್ಮ,” ಎಂದರು ಯಜಮಾನಿ.

ಫೋನು ಇಟ್ಟೆನೋ ಬೀಳಿಸಿದೆನೋ ಗೊತ್ತಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುವಾಗ ಅಜ್ಜ, “ಏನಾಯ್ತಮ್ಮ?” ಎಂದು ಕೇಳಿದ್ದು ಮಾತ್ರ ನೆನಪಿದೆ. ನನಗೇ ಗೊತ್ತಿಲ್ಲದ್ದನ್ನು ಅವರಿಗೆ ಏನೆಂದು ಹೇಳಲಿ?

ಆಸ್ಪತ್ರೆಯಲ್ಲಿ ಅಣ್ಣ ಒಂದು ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದ. ಟೈಲ್ಸ್ ಕಂಪನಿಯಲ್ಲಿ ಮ್ಯಾನೇಜರು ಅವನು. ಮಳೆಯಲ್ಲಿ ನೆನೆದರೂ ಅಂಗಿಯ ಇಸ್ತ್ರಿ ಕೆಡಬಾರದು ಎನ್ನುವ ಜಾತಿ. ಅವತ್ತು ಅವನ ಅಂಗಿ ಒಂದು ಕಡೆ ಹೊರಗೆ ಬಂದಿತ್ತು, ತೋಳಿನಲ್ಲಿ ರಕ್ತವಿತ್ತು. ಅತ್ತಿಗೆ ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದುಕೊಂಡು ನಿಂತಿದ್ದರು. ಜಗಳಕ್ಕೆಂದೇ ಓಡಿಬಂದಿದ್ದ ನನ್ನ ಬಾಯಿ ಆ ರಕ್ತ ನೋಡಿ ಕಟ್ಟಿಹೋಯಿತು. ಮನೆಯಲ್ಲಿ ನನ್ನನ್ನು ಮೆಣಸಿನಕಾಯಿ ಎಂದೇ ಕರೆಯುವುದು. ನಾನು ಸುಮ್ಮನೆ ನಿಂತಿದ್ದನ್ನು ನೋಡಿ ಅತ್ತಿಗೆಗೆ ಇನ್ನಷ್ಟು ಹೆದರಿಕೆಯಾಯಿತಂತೆ.

“ಹೇಗಾಯ್ತು?” ಎಂದೆ.

“ಅಂಗಡಿ ಹಿಂದಿನ ಓಣಿ ಗೊತ್ತಲ್ಲ, ಎರಡೂ ಕಡೆ ಗಾಡಿ ನಿಂತಿರುತ್ತೆ,” ಅಣ್ಣ ನೆಲ ನೋಡಿಕೊಂಡೇ ಹೇಳಿದ. “ಮನೆ ಪರದೆ ಅಳತೆ ತಗೊಳ್ಳಲಿ ಅಂತ ಅಮ್ಮನ್ನ ಕರ್ಕೊಂಡು ಹೋಗೋಕೆ ಬಂದಿದ್ದೆ. ಅಂಗಡಿ ಬಾಗಿಲ ಹತ್ರಕ್ಕೆ ತರೋಣ ಅಂತ ಗಾಡಿನ ಸ್ವಲ್ಪ ಮುಂದಕ್ಕೆ ತಗೊಂಡೆ. ಅಷ್ಟರಲ್ಲಿ ಎದುರಿಗೇ ಬಂದ್ಬಿಟ್ಲು. ಮುಂದೆ ಒಂದು ವ್ಯಾನು ನಿಂತಿತ್ತು. ಎರಡರ ನಡುವೆ ಸಿಕ್ಕಾಕ್ಕೊಂಡ್ಲು.”

“ಅಮ್ಮ ನೋಡ್ಲಿಲ್ವಾ?”

“ನೋಡಿದ್ಲು. ನೇರ ಗಾಡಿ ಕಡೆಗೇ ನೋಡಿದ್ಲು. ನೋಡ್ಕೊಂಡೇ ಬಂದ್ಲು.”

ನನಗೆ ಇದು ತಲೆಗೇ ಹೋಗಲಿಲ್ಲ. ಅಮ್ಮ ಓಡುತ್ತಿರುವ ಗಾಡಿಯನ್ನು ನೋಡಿಕೊಂಡು ಅದರ ಎದುರಿಗೆ ಹೋಗುವುದೆಂದರೇನು? ಅಷ್ಟರಲ್ಲಿ ಹೊರಬಂದ ಎಲುಬಿನ ಡಾಕ್ಟರು ಕಾಗದ ನೋಡುತ್ತಾ, “ಓ, ಇವರಿಗೆ ಕಿವಿ ಕೇಳಿಸಲ್ವಾ? ಹಾಗಾದ್ರೆ ಮತ್ತೆ, ಒಬ್ಬರನ್ನೇ ಹೊರಗೆ ಬಿಡಬಾರದಿತ್ತು,” ಎಂದರು. ಕಟ್ಟಿದ್ದ ಬಾಯಿ ಅಲ್ಲಿ ಬಿಚ್ಚಿಕೊಂಡಿತು.

“ನಮ್ಮಮ್ಮ ಹುಟ್ಟಿದಾಗಿಂದ ಕಿವಿ ಇಲ್ಲದೆನೇ ರಸ್ತೆ ದಾಟ್ತಿದ್ದಾಳೆ ಡಾಕ್ಟ್ರೇ. ಇಷ್ಟು ವರ್ಷ ಒಂದು ಸೈಕಲ್ಲೂ ಅವಳಿಗೆ ತಾಗಿಲ್ಲ. ಕಿವಿ ಇರೋ ನೀವು ನಾವು ಎಷ್ಟು ಸಲ ಬಿದ್ದಿದ್ದೀವೋ!”

ಅವರು ನನ್ನನ್ನು ಪಾಪ ಎನ್ನುವ ಹಾಗೆ ನೋಡಿ ಒಳಗೆ ಹೋದರು. ಎಲುಬಿಗೆ ಸರಳು ಹಾಕಬೇಕಂತೆ, ಅದಕ್ಕೆ ಸಹಿ ಬೇಕಂತೆ. ಅಣ್ಣ ಸಹಿ ಹಾಕಿದ.

ಅಮ್ಮ ರಸ್ತೆ ದಾಟುವುದನ್ನು ನೋಡಿದವರಿಗಷ್ಟೇ ನನ್ನ ಸಿಟ್ಟು ಅರ್ಥವಾಗುತ್ತದೆ. ಅವಳ ಕಣ್ಣಿಗೆ ತಪ್ಪಿಸಿಕೊಂಡು ಒಂದು ನೊಣ ಹಾರಲಾರದು. ಹರಿದ ಕೋಟನ್ನು ಎಳೆ ಎಳೆಯಾಗಿ ನೇಯ್ದು ಹರಿದದ್ದು ಎಲ್ಲಿ ಎಂದು ಕೊಟ್ಟವರಿಗೇ ಗೊತ್ತಾಗದಂತೆ ಮಾಡುವ ಕೆಲಸ ಅವಳದು. ಈ ವಯಸ್ಸಿನಲ್ಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಾಳೆ. ಅಂಗಡಿಯ ಹುಡುಗಿಯರು ತಮ್ಮ ಸೂಜಿಗಳನ್ನೂ ತಂದು ಅವಳ ಮುಂದಿಡುತ್ತಾರೆ, ಅವಳು ಮುಖದ ತುಂಬ ಜಂಬ ತುಂಬಿಕೊಂಡು ಪೋಣಿಸಿ ಕೊಡುತ್ತಾಳೆ.

ಅವಳಿಗೆ ಕಷ್ಟವಾಗುತ್ತಿದ್ದುದು ಒಂದೇ: ನಿಂತ ಗಾಡಿ. ಸಾಲಾಗಿ ನಿಂತ ಕಾರುಗಳಲ್ಲಿ ಯಾವುದರ ಎಂಜಿನ್ನು ಓಡುತ್ತಿದೆ, ಯಾವುದು ಸುಮ್ಮನಿದೆ ಎಂದು ನಮಗೆ ಕಿವಿ ಹೇಳುತ್ತದೆ, ಅವಳಿಗೆ ಹೇಳುವವರಿಲ್ಲ. ಅದಕ್ಕೆ ಅಂಗಡಿಯ ಹಿಂದಿನ ಓಣಿಯಲ್ಲಿ ಗಾಡಿಗಳ ನಡುವೆ ನುಸುಳುವ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡುತ್ತಿದ್ದಳು. ನಡುಗುತ್ತಿದ್ದರೆ ಎಚ್ಚರವಾಗಿದೆ, ಇಲ್ಲದಿದ್ದರೆ ಮಲಗಿದೆ. ಎಷ್ಟೋ ಜನ ಗಾಡಿಯೊಳಗಿಂದ ಅವಳನ್ನು ಬೈದದ್ದುಂಟು. ಅದು ಅವಳಿಗೆ ಕೇಳಿಸದಿದ್ದುದರಿಂದ ಯಾರಿಗೂ ನಷ್ಟವಾಗಲಿಲ್ಲ.

ಆಮೇಲೆ ಅಣ್ಣ ಹೊಸ ಕಾರು ತಂದ. ಬೂದಿ ಬಣ್ಣದ್ದು. ಕೀಲಿ ತಿರುಗಿಸಿದ ಕೂಡಲೇ ಮೂತಿಯ ಎರಡೂ ಕಡೆ ಎರಡು ಬಿಳಿ ಪಟ್ಟಿ ಹೊತ್ತಿಕೊಂಡವು, ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ! ಅಮ್ಮ ಬೆರಗಾಗಿ ನೋಡಿದಳು. ಹಗಲು ಹೊತ್ತಿನಲ್ಲಿ ಎದುರಿನವರಿಗೆ ಗಾಡಿ ಕಾಣಲಿ ಎಂದೇ ಇಟ್ಟ ದೀಪ ಅದು, ಎಂಜಿನ್ನು ಶುರುವಾದರೆ ಉರಿಯುತ್ತದೆ, ನಿಂತರೆ ಆರುತ್ತದೆ, ಅದಕ್ಕೆ ಬೇರೆ ಸ್ವಿಚ್ಚೇ ಇಲ್ಲ ಎಂದು ಅಣ್ಣ ಕೈಯಲ್ಲಿ ವಿವರಿಸಿದ. ನಮ್ಮ ಮನೆಯಲ್ಲಿ ಮಾತೆಲ್ಲ ಕೈಯಲ್ಲೇ. ಶಾಲೆಯಲ್ಲಿ ಕಲಿತದ್ದಲ್ಲ, ನಾವು ನಾವೇ ಕಟ್ಟಿಕೊಂಡ ಮಾತು.

ಅಮ್ಮ ಅವನಿಂದ ಕಾರನ್ನು ಶುರು ಮಾಡಿಸಿದಳು, ನಿಲ್ಲಿಸಿದಳು, ಮತ್ತೆ ಶುರು ಮಾಡಿಸಿದಳು. ಬಾನೆಟ್ಟಿನ ಮೇಲೆ ಒಂದು ಕೈ, ಕಣ್ಣು ದೀಪದ ಮೇಲೆ. ಆಮೇಲೆ ನನ್ನ ಕಡೆ ತಿರುಗಿ, “ಗಾಡಿ ಕಣ್ಣು ಬಿಟ್ಟಿದ್ರೆ ಎಚ್ಚರ, ಮುಚ್ಚಿದ್ರೆ ನಿದ್ದೆ. ಇಷ್ಟು ಸುಲಭದ್ದನ್ನ ಇಷ್ಟು ದಿನ ಯಾಕೆ ಮಾಡಿರ್ಲಿಲ್ಲ ಇವರು?” ಎಂದು ಕೇಳಿದಳು. ಅವತ್ತಿನಿಂದ ಬೀದಿಯಲ್ಲಿ ಅಂಥ ದೀಪವಿರುವ ಹೊಸ ಗಾಡಿಗಳನ್ನೆಲ್ಲ ಗುರುತು ಹಿಡಿದಿಟ್ಟುಕೊಂಡಳು. ಹಳೆಯವಕ್ಕೆ ಅಂಗೈ, ಹೊಸವಕ್ಕೆ ಕಣ್ಣು. ಮಗನ ಗಾಡಿಯನ್ನಂತೂ ಓಣಿಯ ಆ ತುದಿಯಿಂದಲೇ ಓದುತ್ತಿದ್ದಳು.

ಅಂಥವಳು ಅದೇ ಗಾಡಿಯನ್ನು ನೋಡಿಕೊಂಡೇ ಅದರ ಎದುರಿಗೆ ಹೋದಳು ಎಂದರೆ ನಾನು ನಂಬುವುದು ಹೇಗೆ?

ಮಾರನೆಯ ದಿನ ಅಮ್ಮನಿಗೆ ಪೂರ್ತಿ ಎಚ್ಚರವಾಯಿತು. ಒಂದು ಕೈಗೆ ಗ್ಲೂಕೋಸಿನ ಸೂಜಿ ಚುಚ್ಚಿದ್ದರು. ಒಂದೇ ಕೈಯಲ್ಲಿ ಮಾತಾಡುವುದೆಂದರೆ ಅವಳಿಗೆ ಅರ್ಧ ನಾಲಿಗೆ ಇದ್ದ ಹಾಗೆ. ಆದರೂ ಕಣ್ಣು ಬಿಟ್ಟವಳು ನೋವು ಎನ್ನಲಿಲ್ಲ, ನೀರು ಎನ್ನಲಿಲ್ಲ. ನೇರವಾಗಿ ಅಣ್ಣನ ಕಡೆ ನೋಡಿ, “ದೀಪ ಇರ್ಲಿಲ್ಲ,” ಎಂದಳು.

ಅಣ್ಣ ಅಲ್ಲಾಡಲಿಲ್ಲ.

“ನಾನು ನೋಡ್ದೆ. ಎರಡು ಸಲ ನೋಡ್ದೆ. ಗಾಜಿನ ಮೇಲೆ ಬಿಸಿಲಿತ್ತು, ಒಳಗೆ ನೀನು ಕಾಣ್ಲಿಲ್ಲ. ದೀಪ ಇರ್ಲಿಲ್ಲ. ಮಲಗಿದೆ, ನೀನು ಎಲ್ಲೋ ಅಂಗಡಿಗೆ ಹೋಗಿದ್ದೀಯ ಅಂದ್ಕೊಂಡು ವ್ಯಾನಿನ ಕಡೆ ತಿರುಗಿ ನಡುವೆ ನುಸುಳ್ದೆ. ಹೇಳು, ಉರೀತಿತ್ತಾ?”

ಅಣ್ಣ ನನ್ನನ್ನು ನೋಡಿದ, ತೂಗುತ್ತಿದ್ದ ಬಾಟಲಿಯನ್ನು ನೋಡಿದ, ಬಾಗಿಲಲ್ಲಿ ನಿಂತಿದ್ದ ನರ್ಸನ್ನು ನೋಡಿದ. ಆಮೇಲೆ ತಲೆಯಾಡಿಸಿದ. ಹೌದು, ಉರೀತಿತ್ತು.

ಅಮ್ಮನ ಕೈ ಹಾಸಿಗೆಯ ಮೇಲೆ ಬಿತ್ತು. ಅದನ್ನು ಮತ್ತೆ ಎತ್ತಿ, “ಹಾಗಾದ್ರೆ ನನ್ನ ಕಣ್ಣು ಹೋಯ್ತು,” ಎಂದಳು.

ಇಲ್ಲ, ಹಾಗೇನಿಲ್ಲ, ಬಿಸಿಲು ಜೋರಾಗಿತ್ತು, ಅದಕ್ಕೇ ಕಂಡಿಲ್ಲ ಎಂದು ನನ್ನ ಎರಡೂ ಕೈಗಳಲ್ಲಿ ಬಡಬಡಿಸಿದೆ. ಅವಳು ನನ್ನ ಕೈಗಳನ್ನು ನೋಡಲೇ ಇಲ್ಲ, ಸೂರು ನೋಡುತ್ತಾ ಮಲಗಿದಳು.

ನಾನು ಬಲವಂತ ಮಾಡಿ ಅದೇ ಆಸ್ಪತ್ರೆಯ ಕಣ್ಣಿನ ಡಾಕ್ಟರನ್ನು ಹಾಸಿಗೆಯ ಬಳಿಗೇ ಕರೆಸಿದೆ. ಆಕೆ ಟಾರ್ಚು ಬಿಟ್ಟು, ಗುರುತುಗಳಿರುವ ಹಲಗೆ ತೋರಿಸಿ, ಎಲ್ಲ ಮುಗಿಸಿ, “ನಿಮ್ಮ ಕಣ್ಣಿಗಿಂತ ಚೆನ್ನಾಗಿದೆ,” ಎಂದು ನನಗೇ ಕನ್ನಡಕ ಬರೆದುಕೊಡುವ ಹಾಗೆ ಮಾತಾಡಿದರು. ಅಮ್ಮನಿಗೆ ಅದನ್ನು ಹೇಳಿದೆ. ಅವಳು ನಂಬಲಿಲ್ಲ.

“ಹಲಗೆ ನಿಂತಲ್ಲೇ ನಿಂತಿರುತ್ತೆ, ಕಾಣದೆ ಏನು? ಮಗನ ಗಾಡಿ ದೀಪ ಕಾಣ್ಲಿಲ್ಲವಲ್ಲ ನನಗೆ. ನಡುನಡುವೆ ಹೋಗುತ್ತೆ ಅನ್ಸುತ್ತೆ ಕಣ್ಣು. ಯಾವಾಗ ಹೋಗುತ್ತೋ ನನಗೇ ಗೊತ್ತಾಗಲ್ಲ. ಅದು ಇನ್ನೂ ಕೆಟ್ಟದ್ದು.”

ಯಜಮಾನಿ ನೋಡಲು ಬಂದಾಗ ಅಮ್ಮ ತನ್ನ ಚೀಲದಿಂದ ಅಂಗಡಿಯ ಕತ್ತರಿ ತೆಗೆಸಿ ಅವರ ಕೈಗಿಟ್ಟಳು. ತನ್ನ ಜಾಗದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ ಎಂದು ಹೇಳಲು ನನಗೆ ಹೇಳಿದಳು. ನಾನು ಹೇಳುವುದಿಲ್ಲ ಎಂದೆ. ಅಣ್ಣನಿಗೆ ಹೇಳಿದಳು; ಅಣ್ಣ ಹೇಳಿದ. ಯಜಮಾನಿ ಕತ್ತರಿಯನ್ನು ಎದೆಗೆ ಒತ್ತಿಕೊಂಡು ಅಳುತ್ತಾ ಹೋದರು.

“ಒಳ್ಳೇದೇ ಆಯ್ತು,” ಎಂದ ಅಣ್ಣ ಆಮೇಲೆ, ಹೊರಗಿನ ಹಾದಿಯಲ್ಲಿ. “ಇನ್ನು ದುಡಿಯೋದು ಸಾಕು. ನಮ್ಮನೇಲೇ ಇರ್ಲಿ. ನಿಮ್ಮತ್ತಿಗೆ ನೋಡ್ಕೋತಾಳೆ.”

“ಅವಳೇನು ಹೂವಿನ ಕುಂಡನಾ, ಒಂದು ಮೂಲೇಲಿಟ್ಟು ನೋಡ್ಕೊಳ್ಳೋಕೆ?” ಎಂದೆ.

ಆದರೆ ನನ್ನ ಜೋರೆಲ್ಲ ಹೊರಗೆ. ಒಳಗೆ ಅಮ್ಮನ ಪಕ್ಕ ಕೂತರೆ ಬರೀ ಅವಳ ಹೊದಿಕೆ ಸರಿಮಾಡುತ್ತಿದ್ದೆ. ಒಂದು ಮಧ್ಯಾಹ್ನ ಅಣ್ಣನೂ ನಾನೂ ಇಬ್ಬರೂ ಇದ್ದಾಗ ಅವಳು ನನ್ನನ್ನು ತಟ್ಟಿ, “ಪೂರ್ತಿ ಕತ್ತಲಾದ ಮೇಲೆ ನೀನು ನನ್ನ ಹತ್ರ ಹೇಗೆ ಮಾತಾಡ್ತೀಯ?” ಎಂದು ಕೇಳಿದಳು. ಹೆದರಿ ಕೇಳಿದ್ದಲ್ಲ, ಅಕ್ಕಿ ಮುಗಿದರೆ ಏನು ಮಾಡುವುದು ಎಂದು ಕೇಳುವ ಹಾಗೆ, ಮೊದಲೇ ಯೋಚಿಸಿಡೋಣ ಎಂದು ಕೇಳಿದ್ದು. ಅಣ್ಣ ಎದ್ದು ಕಿಟಕಿಯ ಬಳಿ ಹೋಗಿ ನಿಂತ. ಅವನಿಗೂ ದುಃಖ ತಡೆಯಲಾಗಲಿಲ್ಲ ಪಾಪ ಎಂದು ನಾನು ಅವನ ಬೆನ್ನು ಸವರಿದೆ. ಈಗ ನೆನೆಸಿಕೊಂಡರೆ ಆ ಕೈಯನ್ನು ತೊಳೆದುಕೊಳ್ಳಬೇಕೆನ್ನಿಸುತ್ತದೆ.

ಮನೆಗೆ ಕಳಿಸುವ ದಿನ ಬಂತು. ನರ್ಸು ಅಮ್ಮನನ್ನು ಗಾಲಿಕುರ್ಚಿಗೆ ಹತ್ತಿಸುತ್ತಿದ್ದಳು, ನಾನು ಚೀಲಗಳನ್ನು ಹೊತ್ತುಕೊಂಡು ಮೊದಲು ಹೊರಬಂದೆ. ಅಣ್ಣ ಕಾರನ್ನು ಬಾಗಿಲಿಗೇ ತಂದು ನಿಲ್ಲಿಸಿದ್ದ. ಅವನು ಡಿಕ್ಕಿ ತೆಗೆದು ಚೀಲಗಳಿಗೆ ಜಾಗ ಮಾಡುತ್ತಿದ್ದ, ಅತ್ತಿಗೆ ಹಿಂದಿನ ಸೀಟಿಗೆ ದಿಂಬು ಜೋಡಿಸುತ್ತಿದ್ದರು. ಆಸ್ಪತ್ರೆಯ ಬಾಗಿಲು ದೊಡ್ಡ ಗಾಜಿನದು. ಅದರಲ್ಲಿ ಕಾರಿನ ಮೂತಿ ಪೂರ್ತಿ ಕಾಣುತ್ತಿತ್ತು: ನಂಬರ್ ಪ್ಲೇಟು, ಬಂಪರಿನ ಹೊಸ ಗೀರು, ಎರಡು ಕಡೆ ಎರಡು ಕಪ್ಪು ಪಟ್ಟಿ.

ಕಪ್ಪು. ನಾನು ಅಲ್ಲೇ ನಿಂತೆ.

“ಅತ್ತಿಗೆ, ಗಾಡಿ ಆನ್ ಇದೆ ತಾನೆ?”

“ಹೂಂ ಕಣೆ. ಒಳಗೆ ಕಾದು ಹೋಗಿತ್ತು, ಎಸಿ ಹಾಕಿಟ್ಟಿದ್ದಾರೆ.”

“ಮತ್ತೆ ದೀಪ?”

“ಯಾವ ದೀಪ? ಓ, ಮುಂದಿಂದಾ?” ಅತ್ತಿಗೆ ದಿಂಬು ತಟ್ಟುತ್ತಲೇ ಹೇಳಿದರು. “ಅದನ್ನ ಇದೆಲ್ಲ ಆಗೋ ಎರಡು ದಿನ ಮುಂಚೆನೇ ತೆಗೆಸಿದ್ರು! ದಾರಿಯುದ್ದಕ್ಕೂ ಜನ ಲೈಟು ಆರ್ಸಿ ಅಂತ ಕೈ ಮಾಡ್ತಾರೆ, ಅವಮಾನ ಆಗುತ್ತೆ ಅಂತ ಇವರದ್ದು ದಿನಾ ಒಂದೇ ಗೋಳು. ಗ್ಯಾರೇಜಿನವನ ಹತ್ರ ಹೋಗಿ ಫ್ಯೂಸೇ ತೆಗೆಸ್ಬಿಟ್ರು.”

ಆ ಗೊಣಗಾಟ ನಾನೂ ಕೇಳಿದ್ದೆ. ಎದುರಿನಿಂದ ಬರುವವರೆಲ್ಲ ಮುಷ್ಟಿ ಬಿಚ್ಚಿ ಮುಚ್ಚಿ, ‘ಲೈಟು ಉರೀತಿದೆ’ ಎಂದು ಸನ್ನೆ ಮಾಡುತ್ತಾರೆ. ಸಿಗ್ನಲ್ಲಿನಲ್ಲಿ ಕಿಟಕಿ ತಟ್ಟಿ ಹೇಳುತ್ತಾರೆ. ಆಫೀಸಿನ ಕಾವಲಿನವನು ದಿನಾ ಬೆಳಿಗ್ಗೆ ಓಡಿಬರುತ್ತಾನೆ. ಎಲ್ಲರ ಕಣ್ಣಿಗೂ ತಾನು ಲೈಟು ಆರಿಸಲು ಮರೆತ ದಡ್ಡನಾಗಿ ಕಾಣುತ್ತೇನೆ ಎನ್ನುವುದು ಅಣ್ಣನ ಸಂಕಟ. ನಾವು ನಕ್ಕು ಬಿಟ್ಟಿದ್ದೆವು. ಅವನು ನಗುವವನಲ್ಲ ಎನ್ನುವುದನ್ನು ಮರೆತಿದ್ದೆವು.

ಡಿಕ್ಕಿಯ ಹಿಂದಿನಿಂದ ಅಣ್ಣ ಈಚೆ ಬಂದ. ನನ್ನ ಮುಖ ನೋಡಿದ ಅತ್ತಿಗೆಯ ಕೈಯಲ್ಲಿ ದಿಂಬು ಹಾಗೇ ಉಳಿಯಿತು. ಪಾಪ, ಅಮ್ಮ ಆಸ್ಪತ್ರೆಯಲ್ಲಿ ಏನು ಕೇಳಿದ್ದಳು, ಅಣ್ಣ ಏನು ತಲೆಯಾಡಿಸಿದ್ದ ಎನ್ನುವುದು ಅವರಿಗೆ ಗೊತ್ತೇ ಇರಲಿಲ್ಲ.

“ಉರೀತಿತ್ತು ಅಂದ್ಯಲ್ಲೋ!” ಎಂದೆ. “ಅಮ್ಮ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ್ಲು. ಉರೀತಿತ್ತು ಅಂದ್ಯಲ್ಲೋ!”

“ಮೆಲ್ಲಗೆ ಮಾತಾಡು.”

“ಅವಳಿಗೆ ಕೇಳಿಸಲ್ಲ, ಹೆದರ್ಬೇಡ!”

“ನರ್ಸು ನಿಂತಿದ್ಲು. ಪೊಲೀಸ್ನೋರು ಬೇರೆ ಅವತ್ತೇ ಬಂದು ಹೋಗಿದ್ರು. ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ, ತಲೆ ಆಡಿಸ್ಬಿಟ್ಟೆ,” ಎಂದ ಅಣ್ಣ. “ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ ಅವಳು ಕಣ್ಣು ಹೋಯ್ತು ಅಂದ್ಲು. ಅಷ್ಟು ದೂರ ಹೋದ ಮೇಲೆ ಹೇಗೆ ಹೇಳ್ಲಿ? ಅಲ್ಲದೆ, ನೋಡು, ಫ್ಯೂಸ್ ತೆಗೆಸೋದೇನು ಅಪರಾಧ ಅಲ್ಲ. ಆ ದೀಪ ಇಲ್ಲದೆ ಎಷ್ಟು ಗಾಡಿ ಓಡಾಡಲ್ಲ?”

“ಆ ಗಾಡಿಗಳ ಮೇಲೆ ಅವಳು ಕೈ ಇಟ್ಟು ನೋಡ್ತಾಳೆ. ನಿನ್ನ ಗಾಡಿ ಅಂತ ನಂಬಿದ್ಲು.”

“ಹೇಗೂ ಮನೇಲಿದ್ರೆ ಅವಳಿಗೇ ಒಳ್ಳೇದಲ್ವಾ? ಈಗ ಒಪ್ಕೊಂಡಿದ್ದಾಳೆ. ಬಿಟ್ಬಿಡು.”

ನನ್ನ ಕೈಯಿಂದ ಚೀಲ ಜಾರಿತು. ಬಿಟ್ಟುಬಿಡು ಎಂದರೆ ಏನನ್ನು? ಸರಿಯಾಗಿರುವ ಎರಡು ಕಣ್ಣನ್ನು ಹೆಂಗಸೊಬ್ಬಳು ತಾನಾಗಿಯೇ ಮುಗಿದವು ಎಂದು ಕೈಬಿಟ್ಟು ಕೂರಲಿ, ಇವನ ಮರ್ಯಾದೆ ಇಸ್ತ್ರಿ ಕೆಡದೆ ಉಳಿಯಲಿ ಎಂದೇ? ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಣ್ಣ ಇವನು! ನನಗೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಇಷ್ಟು ದಿನ ಅವಳ ಹಾಸಿಗೆಯ ಪಕ್ಕದಲ್ಲೇ ನಿಂತು ಇವನು ಇದನ್ನು ನೋಡುತ್ತಿದ್ದನಲ್ಲ.

ಗಾಜಿನ ಬಾಗಿಲು ಸರಿಯಿತು, ಗಾಲಿಕುರ್ಚಿ ಹೊರಬಂತು.

“ಮನೆಗೆ ಹೋದ ಮೇಲೆ ನೀನೇ ಹೇಳ್ಬೇಕು,” ಎಂದೆ. “ನಿನ್ನ ಕೈಯಲ್ಲೇ. ಇಲ್ಲಾಂದ್ರೆ ನಾನು ಹೇಳ್ತೀನಿ, ಆಮೇಲೆ ನನ್ನ ಮುಖ ನೋಡ್ಬೇಡ.”

ಅಮ್ಮ ನಮ್ಮಿಬ್ಬರ ಮುಖ ನೋಡಿ, “ಮತ್ತೆ ಜಗಳನಾ?” ಎಂದು ಕೇಳಿದಳು. ನಾನು ಚೀಲ ಎತ್ತಿ ಡಿಕ್ಕಿಗೆ ಹಾಕಿದೆ.

ಮನೆಯೆಂದರೆ ನಾನೂ ಅಮ್ಮನೂ ಇರುವ ಎರಡು ಕೋಣೆ, ನೆಲಮಹಡಿ. ಅಣ್ಣನ ಮನೆಗೆ ಹೋಗುವ ಮುಂಚೆ ಅವಳ ಬಟ್ಟೆಬರೆ ಕಟ್ಟಿಕೊಳ್ಳಬೇಕೆಂದು ಮೊದಲು ಅಲ್ಲಿಗೇ ಹೋದೆವು. ಅವಳನ್ನು ಕಿಟಕಿಯ ಬಳಿ ಮಂಚದ ಮೇಲೆ ಕೂರಿಸಿ, ಬ್ಯಾಂಡೇಜಿನ ಕಾಲಿಗೆ ದಿಂಬು ಕೊಟ್ಟೆವು. ಅಣ್ಣ ಬಾಗಿಲ ಬಳಿಯೇ ನಿಂತಿದ್ದ. ನಾನು ಅವನನ್ನೇ ನೋಡುತ್ತಾ ನಿಂತೆ. ಕೊನೆಗೆ ಅವನು ಅಮ್ಮನ ಎದುರಿಗೆ ಬಂದ.

“ದೀಪ,” ಎಂದ ಕೈಯಲ್ಲಿ. “ಇರ್ಲಿಲ್ಲ. ನಾನು ತೆಗೆಸಿದ್ದೆ. ನಿನ್ನ ಹತ್ರ ಸುಳ್ಳು ಹೇಳ್ದೆ.”

ಅಮ್ಮ ಇನ್ನೊಂದು ಸಲ ಹೇಳಿಸಿದಳು. ಅವನು ಹೇಳಿದ. ಮೂರನೆಯ ಸಲ ನನ್ನ ಕಡೆ ತಿರುಗಿ ಹುಬ್ಬೇರಿಸಿದಳು. ನಾನು ಹೌದೆಂದೆ. ಗಾಜಿನಲ್ಲಿ ನಾನೇ ನೋಡಿದೆ ಎಂದೆ.

ಬಾಯಿಗೆ ಬಂದ ಹಾಗೆ, ಅಂದರೆ ಕೈಗೆ ಬಂದ ಹಾಗೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಒಂದು ಏಟು ಬಿಗಿದರೂ ಆಶ್ಚರ್ಯವಿರಲಿಲ್ಲ. ಅಮ್ಮ ನಕ್ಕಳು! ಅವಳ ನಗುವಿನ ಸದ್ದು ಅವಳಿಗೆ ಗೊತ್ತಿಲ್ಲ; ಜೋರಾಗಿ, ಒಡೆದು ಒಡೆದು ಬರುತ್ತದೆ. ಕಣ್ಣಿಂದ ನೀರು ಸುರಿಯುತ್ತಿತ್ತು, ನಗು ನಿಲ್ಲಲಿಲ್ಲ. “ಕಣ್ಣಿದೆ!” ಎಂದಳು. “ನಾನು ಸರಿಯಾಗೇ ನೋಡಿದ್ದೆ! ಇರ್ಲಿಲ್ಲ ಅಂದೆನಲ್ಲ, ಇರ್ಲೇ ಇಲ್ಲ!” ಸೂಜಿ ತಾ ಎಂದಳು. ತಂದುಕೊಟ್ಟೆ. ಅತ್ಯಂತ ಸಣ್ಣ ಸೂಜಿಯನ್ನೇ ಆರಿಸಿ, ಕಪ್ಪು ದಾರ ಹಿಡಿದು, ಒಂದೇ ಸಲಕ್ಕೆ ಪೋಣಿಸಿ ನಮ್ಮೆಲ್ಲರ ಮುಖಕ್ಕೂ ಹಿಡಿದು ತೋರಿಸಿದಳು.

“ಯಜಮಾನಿಗೆ ಫೋನು ಮಾಡು. ನನ್ನ ಜಾಗಕ್ಕೆ ಯಾರನ್ನೂ ಕೂರಿಸ್ಬಾರದು ಅಂತ ಹೇಳು. ಕಾಲು ಸರಿಹೋದ ಕೂಡಲೇ ಬರ್ತೀನಿ.”

ಅತ್ತಿಗೆ ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಅಣ್ಣ ಮಂಚದ ತುದಿಯಲ್ಲಿ ಕುಸಿದು ಕೂತು ಮುಖ ಒರೆಸಿಕೊಂಡ, ಬಂದದ್ದು ಇಷ್ಟಕ್ಕೇ ಕಳೆಯಿತು ಎನ್ನುವ ಹಾಗೆ ಮೆಲ್ಲಗೆ ನಕ್ಕ. ನನಗೆ ಮೈ ಉರಿಯಿತು, ಆದರೆ ಅಮ್ಮನ ಖುಷಿಯ ಮುಂದೆ ಬಾಯಿ ಬಿಡಲಿಲ್ಲ. ನಾಳೆಯೇ ಫ್ಯೂಸು ಹಾಕಿಸುತ್ತೇನೆ ಎಂದ. ಹಾಕಿಸು ಎಂದಳು ಅಮ್ಮ. “ಕೈ ಮಾಡಿದವರಿಗೆಲ್ಲ, ನನ್ನಮ್ಮನಿಗೋಸ್ಕರ ಉರಿಸ್ತಿದ್ದೀನಿ ಅಂತ ಹೇಳು,” ಎಂದು ಅವನ ತಲೆಗೆ ಮೊಟಕಿದಳು.

ಸೂಜಿಯನ್ನು ರವಿಕೆಯ ತೋಳಿಗೆ ಚುಚ್ಚಿಕೊಂಡು ಅಮ್ಮ ಯೋಚಿಸತೊಡಗಿದಳು. ಅವಳದು ಹರಿದ ಬಟ್ಟೆ ಕಂಡರೆ ಎಲ್ಲಿಂದ ಹರಿಯಿತು ಎಂದು ಹುಡುಕುವ ಬುದ್ಧಿ. ಕಣ್ಣು ತಪ್ಪು ಮಾಡಿಲ್ಲ ಎಂದು ಗೊತ್ತಾದ ಮೇಲೆ ಇಡೀ ಘಟನೆಯನ್ನು ಮತ್ತೊಮ್ಮೆ ಬಿಚ್ಚಿ ನೋಡುತ್ತಿದ್ದಳು.

“ನಾನು ನಿನ್ನ ನೋಡ್ಲಿಲ್ಲ. ಬಿಸಿಲಿತ್ತು,” ಎಂದಳು ಅಣ್ಣನಿಗೆ. “ನೀನು ಒಳಗಿದ್ದೆ. ನೀನು ನನ್ನ ನೋಡಿದ್ಯಾ?”

ಅಣ್ಣ ಹೌದೆಂದ.

“ಎಲ್ಲಿದ್ದಾಗ? ಹತ್ರ ಬಂದ ಮೇಲಾ?”

ಅವನು ತಡವರಿಸಿದ. ಕೈಯಲ್ಲಿ ಮಂಚದಿಂದ ಬಾಗಿಲವರೆಗಿನ ದೂರ ತೋರಿಸಿದ.

ಅಮ್ಮ ಆ ದೂರವನ್ನು ಕಣ್ಣಲ್ಲೇ ಅಳೆದಳು. “ಅಷ್ಟು ದೂರ ಇದ್ದಾಗ್ಲೇ ನೋಡಿದ್ಯಾ? ಗಾಡಿ ಮೆಲ್ಲಗೇ ಬಂದಿರ್ಬೇಕಲ್ಲ. ಮತ್ತೆ, ಏನು ಮಾಡ್ದೆ?”

ಇದನ್ನು ನಾವು ಯಾರೂ ಕೇಳಿರಲಿಲ್ಲ. ಇದ್ದಕ್ಕಿದ್ದಂತೆ ಎದುರಿಗೆ ಬಂದಳು, ಬ್ರೇಕು ಹಾಕುವಷ್ಟರಲ್ಲಿ ಆಗಿಹೋಯಿತು ಎಂದು ನಮ್ಮಷ್ಟಕ್ಕೆ ನಾವೇ ಅಂದುಕೊಂಡಿದ್ದೆವು. ಅಣ್ಣನ ಮುಖದಲ್ಲಿದ್ದ ನಗು ಹೋಯಿತು. ಅವನ ಬಲಗೈ ಮೆಲ್ಲಗೆ ಎದ್ದಿತು, ಅಂಗೈ ಮುಂದಕ್ಕೆ ಬಂತು, ಗಾಳಿಯಲ್ಲಿ ಏನನ್ನೋ ಒತ್ತಿತು. ಒತ್ತಿ ಹಾಗೇ ಹಿಡಿದುಕೊಂಡಿತು.

ಅಮ್ಮನಿಗೆ ಅರ್ಥವಾಗಲಿಲ್ಲ. ಆಗುವುದಾದರೂ ಹೇಗೆ? ನಮ್ಮ ಮನೆಯ ಕೈಮಾತಿನಲ್ಲಿ ಅದಕ್ಕೆ ಗುರುತೇ ಇಲ್ಲ. ಯಾರಿಗೂ ಯಾವತ್ತೂ ಬೇಕಾಗಿರಲಿಲ್ಲ. ಅವಳು ನನ್ನ ಕಡೆ ತಿರುಗಿ, “ಅದೇನು?” ಎಂದು ಕೇಳಿದಳು.

ನನಗೆ ಅರ್ಥವಾಗಿತ್ತು. ಆದರೆ ನನ್ನ ಕೈಗಳು ಏಳಲಿಲ್ಲ. ಅತ್ತಿಗೆ ಬಾಯಿಯ ಮೇಲೆ ಕೈ ಇಟ್ಟುಕೊಂಡು, “ಅಯ್ಯೋ... ಹಾರ್ನಾ?” ಎಂದರು. ಅಣ್ಣ ತಲೆ ತಗ್ಗಿಸಿದ. “ಸರಿದುಕೊಳ್ತಾಳೆ ಅಂತ...” ಎಂದ ಬಾಯಲ್ಲಿ, ಅಮ್ಮನಿಗೆ ಕೇಳಿಸದ ಮಾತಿನಲ್ಲಿ.

“ಏನದು?” ಅಮ್ಮ ನನ್ನ ತೋಳು ಅಲ್ಲಾಡಿಸಿದಳು. “ಹೇಳೇ.”

ನಾನು ಕಿವಿ ಮುಟ್ಟಿಕೊಂಡೆ. “ಸದ್ದು,” ಎಂದೆ. “ಗಾಡೀಲಿ ಸದ್ದು ಮಾಡ್ದ. ಸರಿದುಕೋ ಅಂತ.”

“ಯಾರಿಗೆ?” ಎಂದಳು ಅಮ್ಮ. ನಿಜವಾಗಿಯೂ ಗೊತ್ತಾಗದೆ ಕೇಳಿದಳು. ಓಣಿಯಲ್ಲಿ ಬೇರೆ ಯಾರಿದ್ದರು ಎಂದು ನೆನಪು ಮಾಡಿಕೊಳ್ಳುತ್ತಿದ್ದಳು.

“ನಿನಗೆ.”

ಅಮ್ಮ ಅಣ್ಣನನ್ನು ನೋಡಿದಳು. ಅವನು ಮೊದಲು ಕಲಿತ ಮಾತು ಅವಳ ಕೈಯಿಂದ ಕಲಿತದ್ದು. ಬಾಯಿಯ ಮಾತು ಆಮೇಲೆ ಬಂದದ್ದು. ತೊಟ್ಟಿಲಲ್ಲಿ ಅಳುತ್ತಿದ್ದರೆ ಅವಳಿಗೆ ತಿಳಿಯಲಿ ಎಂದು ಅವನ ಕಾಲಿಗೂ ಅವಳ ಬೆರಳಿಗೂ ಒಂದು ದಾರ ಕಟ್ಟಿಕೊಂಡು ಮಲಗುತ್ತಿದ್ದಳಂತೆ. ಅಂಥ ಮಗನನ್ನು ನೋಡಿದಳು, ಯಾರನ್ನೋ ಗುರುತು ಹಿಡಿಯಲು ನೋಡುವ ಹಾಗೆ. ಆಮೇಲೆ ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ಅವಳು ಕಣ್ಣು ಮುಚ್ಚಿದರೆ ನಾವು ಅವಳಿಗೆ ಏನನ್ನೂ ಹೇಳಲಾರೆವು. ಅಣ್ಣ ಅವಳ ಎದುರಿಗೆ ಮಂಡಿಯೂರಿ ಕೂತ. ತಪ್ಪಾಯ್ತು, ತಪ್ಪಾಯ್ತು ಎಂದು ಎರಡೂ ಕೈಗಳಲ್ಲಿ ಹೇಳಿದ, ಮತ್ತೆ ಹೇಳಿದ, ಕೈ ಸೋಲುವವರೆಗೂ ಹೇಳುತ್ತಲೇ ಇದ್ದ. ಅತ್ತಿಗೆ ಅವನನ್ನು ನೋಡಲಾರದೆ ಒಳಗೆ ಹೋದರು. ಅಮ್ಮನಿಗೆ ನಿದ್ದೆ ಬಂದಿರಲಿಲ್ಲ, ರೆಪ್ಪೆಗಳು ಬಿಗಿಯಾಗಿದ್ದವು. ಅವಳು ಕಣ್ಣು ಬಿಡಲಿ ಎಂದು ನಾನೂ ಅಣ್ಣನೂ ಕಾಯುತ್ತಾ ಕೂತೆವು.